ಸ್ಪೀಕರ್ ವೈರ್‌ಗೆ ಯಾವ ಕನೆಕ್ಟರ್ ಸೂಕ್ತ? ದುಬಾರಿ ಪ್ಲಗ್ ಕೊಳ್ಳುವ ಮುನ್ನ ಇದು ಗೊತ್ತಿರಲಿ

ಆಂಪ್ಲಿಫೈಯರ್, ಸ್ಪೀಕರ್ ಆಯ್ಕೆಗೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವವರೂ ಅವೆರಡನ್ನು ಜೋಡಿಸುವ ವೈರ್‌ನ ತುದಿಯ ಬಗ್ಗೆ ಯೋಚಿಸುವುದು ಕಡಿಮೆ. ಆದರೆ ಆಂಪ್ಲಿಫೈಯರ್ ಕೆಡಲು ಆ ತುದಿಯಿಂದ ಹೊರಚಾಚಿದ ಒಂದೇ ಒಂದು ತಾಮ್ರದ ಎಳೆ ಸಾಕು.

ಸ್ಪೀಕರ್ ವೈರ್‌ನೊಳಗೆ ಹತ್ತಾರು ತೆಳು ಎಳೆಗಳಿರುತ್ತವೆ. ಹೊದಿಕೆ ಸುಲಿದು ನೇರವಾಗಿ ಸಿಕ್ಕಿಸಿದಾಗ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಈಗಿನ ಬಹುತೇಕ ಆಂಪ್ಲಿಫೈಯರ್‌ಗಳು ಆಗ ತಾವಾಗಿಯೇ ಆಫ್ ಆಗುತ್ತವೆ. ಹಳೆಯ ಸೆಟ್‌ಗಳಲ್ಲಿ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಇದನ್ನು ತಪ್ಪಿಸುವುದೇ ಕನೆಕ್ಟರ್‌ನ ಮುಖ್ಯ ಕೆಲಸ. ಅದರಿಂದ ಹಾಡು ಇನ್ನಷ್ಟು ಇಂಪಾಗುತ್ತದೆ ಎಂಬುದು ಮಾರಾಟಗಾರರ ಮಾತು.

ಮೊದಲು ಸ್ಪೀಕರ್‌ನ ಹಿಂಬದಿ ನೋಡಿ. ಒತ್ತಿದರೆ ಬಾಯಿ ತೆರೆಯುವ ಸ್ಪ್ರಿಂಗ್ ಕ್ಲಿಪ್ ಇದ್ದರೆ ಬರಿ ವೈರ್ ಅಥವಾ ಪಿನ್ ಕನೆಕ್ಟರ್ ಸಾಕು. ತಿರುಗಿಸಿ ಬಿಗಿಯುವ ಬೈಂಡಿಂಗ್ ಪೋಸ್ಟ್ ಇದ್ದರೆ ಬನಾನಾ ಪ್ಲಗ್ ಅಥವಾ ಸ್ಪೇಡ್ ಬಳಸಬಹುದು. ಆಗಾಗ ಬಿಚ್ಚಿ ಜೋಡಿಸುವವರಿಗೆ 4 ಮಿ.ಮೀ. ಬನಾನಾ ಅನುಕೂಲ. ಕವಲೊಡೆದ ಚಪ್ಪಟೆ ಸ್ಪೇಡ್ ಸ್ಕ್ರೂ ಅಡಿಯಲ್ಲಿ ಭದ್ರವಾಗಿ ಕೂರುತ್ತದೆ. ಶೆಲ್ಫ್ ಗೋಡೆಗೆ ಅಂಟಿಕೊಂಡೇ ಇರುವ ಚಿಕ್ಕ ಫ್ಲ್ಯಾಟ್‌ಗಳಲ್ಲಿ ಹಿಂದಕ್ಕೆ ಚಾಚುವ ಬನಾನಾಗಿಂತ ಇದೇ ವಾಸಿ.

ಪೋಸ್ಟ್‌ನ ರಂಧ್ರಕ್ಕೆ ಕೆಂಪು, ಕಪ್ಪು ಪ್ಲಾಸ್ಟಿಕ್ ಬಿರಡೆ ಹಾಕಿರುವುದನ್ನು ಕಂಡು ಬನಾನಾ ಹೊಂದುವುದಿಲ್ಲ ಎಂದುಕೊಳ್ಳುವವರಿದ್ದಾರೆ. ಅದು ಯುರೋಪಿನ ಸುರಕ್ಷತಾ ನಿಯಮಕ್ಕಾಗಿ ಹಾಕಿದ್ದು. ಅಲ್ಲಿನ ಎರಡು ಪಿನ್‌ಗಳ ಕರೆಂಟ್ ಪ್ಲಗ್‌ನ ಪಿನ್ ದಪ್ಪವೂ 4 ಮಿ.ಮೀ. ಹಾಗಾಗಿ ಬನಾನಾ ಪ್ಲಗ್ ಗೋಡೆಯ ಸಾಕೆಟ್‌ಗೂ ಹೊಕ್ಕೀತು ಎಂಬ ಭಯ. ನಮ್ಮ ಮನೆಗಳಲ್ಲೂ ಈ ಅಪಾಯ ಇದೆ. ಅಂಥದ್ದೇ ಪಿನ್‌ನ ಮೊಬೈಲ್ ಚಾರ್ಜರ್‌ಗಳನ್ನು ನಾವು ದಿನವೂ ಸಾಕೆಟ್‌ಗೆ ಸಿಕ್ಕಿಸುತ್ತೇವಲ್ಲ! ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬನಾನಾ ಹಾಕಿದ ವೈರ್ ನೆಲದ ಮೇಲೆ ಬಿದ್ದಿರಕೂಡದು.

ಚಿನ್ನದ ಲೇಪನ ಬೇಕೇ? ತಾಮ್ರಕ್ಕಿಂತ ಚಿನ್ನ ಉತ್ತಮ ವಾಹಕವೇನಲ್ಲ, ಆದರೆ ಕಿಲುಬು ಹಿಡಿಯುವುದಿಲ್ಲ. ಮುಂಬೈ, ಚೆನ್ನೈನಂಥ ಕಡಲತೀರದ ಊರುಗಳಲ್ಲಿ ಬರಿ ತಾಮ್ರದ ತುದಿ ಬೇಗ ಕಪ್ಪಾಗುವುದರಿಂದ ಅಲ್ಲಿ ಇದು ಉಪಯುಕ್ತ. ಸಾಧಾರಣ ಬೆಲೆಯ ಲೇಪಿತ ಪ್ಲಗ್ ಸಾಕು. ಉಳಿದ ಹಣ ವೈರ್‌ಗೆ ಹಾಕಿ: 8 ಓಮ್ ಸ್ಪೀಕರ್‌ಗೆ 10 ಮೀಟರ್‌ವರೆಗೆ 1.5 ಚದರ ಮಿ.ಮೀ. ತಾಮ್ರದ ವೈರ್ ಧಾರಾಳವಾಯಿತು. 4 ಓಮ್ ಆದರೆ 2.5 ತೆಗೆದುಕೊಳ್ಳಿ.

ಸ್ಕ್ರೂ ಬಿಗಿಯುವ ಪ್ಲಗ್‌ಗೆ ಹಾಕುವ ವೈರ್ ತುದಿಗೆ ಬೆಸುಗೆ ಹಚ್ಚಬೇಡಿ. ಮೆತ್ತಗಿನ ಬೆಸುಗೆ ಒತ್ತಡಕ್ಕೆ ಕ್ರಮೇಣ ಕುಗ್ಗಿ ಹಿಡಿತ ಸಡಿಲವಾಗುತ್ತದೆ. ಎಳೆಗಳನ್ನು ಹುರಿ ಮಾಡಿ, ಸ್ಕ್ರೂ ಬಿಗಿದು, ಒಮ್ಮೆ ಮೆಲ್ಲಗೆ ಎಳೆದು ನೋಡಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಜೋಡಿಸಿ. ಒಂದು ಸ್ಪೀಕರ್‌ನಲ್ಲಿ ಇದು ಅದಲುಬದಲಾದರೂ ಬೇಸ್ ಸೊರಗುತ್ತದೆ. ಎಷ್ಟೋ ಬಾರಿ ಹೊಸ ಸ್ಪೀಕರ್ ಸರಿಯಿಲ್ಲ ಎಂಬ ದೂರಿಗೆ ಕಾರಣ ಇದೇ ಆಗಿರುತ್ತದೆ. ಈ ಕೆಲಸವೆಲ್ಲ ಆಂಪ್ಲಿಫೈಯರ್ ಆಫ್ ಮಾಡಿಯೇ ನಡೆಯಬೇಕು. ಅದು ಆನ್ ಇದ್ದಾಗ ಸ್ಪೀಕರ್ ಕಡೆಯಿಂದ ಕಳಚಿದ ಎರಡು ಬನಾನಾ ತುದಿಗಳು ಒಂದಕ್ಕೊಂದು ತಾಗಿದರೆ ಮತ್ತದೇ ಶಾರ್ಟ್ ಸರ್ಕ್ಯೂಟ್.