ವೈದ್ಯ ಹಸ್ತಪ್ರತಿಗಳಲ್ಲಿ ಏರಂಡ: ಹೆಸರು, ಎಣ್ಣೆ ಮತ್ತು ನಂಜು

ತತ್ತ್ವಾರ್ಥಸೂತ್ರದ ಹತ್ತನೆಯ ಅಧ್ಯಾಯದಲ್ಲಿ ಮುಕ್ತಜೀವದ ಊರ್ಧ್ವಗಮನವನ್ನು ಮನಗಾಣಿಸಲು ನಾಲ್ಕು ದೃಷ್ಟಾಂತಗಳನ್ನು ಕೊಟ್ಟಿದೆ: ಕುಂಬಾರನ ತಿಗುರಿ, ಲೇಪ ಕಳೆದ ಸೋರೆಬುರುಡೆ, ಏರಂಡಬೀಜ ಮತ್ತು ಅಗ್ನಿಶಿಖೆ. ದಿಗಂಬರ ಪಾಠದಲ್ಲಿ ಇವು ಪ್ರತ್ಯೇಕ ಸೂತ್ರವಾಗಿ ನಿಂತಿವೆ. ಶ್ವೇತಾಂಬರ ಪಾಠದಲ್ಲಿ ಆ ಸೂತ್ರವಿಲ್ಲ, ದೃಷ್ಟಾಂತಗಳು ಭಾಷ್ಯದಲ್ಲಿ ಬರುತ್ತವೆ. ವ್ಯಾಖ್ಯಾಪ್ರಜ್ಞಪ್ತಿಯ ಏಳನೆಯ ಶತಕದಲ್ಲಿಯೂ ಕರ್ಮರಹಿತ ಜೀವದ ಗತಿಯನ್ನು ಹೇಳುವಾಗ, ಬಿಸಿಲಿಗೆ ಒಣಗಿ ಸಿಡಿಯುವ ಕಾಯಿಗಳ ಸಾಲಿನಲ್ಲಿ ಏರಂಡದ ಪ್ರಸ್ತಾಪವಿದೆ. ಕೋಶದ ಬಂಧ ಕಡಿದೊಡನೆ ಬೀಜಕ್ಕೆ ಗತಿಯುಂಟಾಗುವಂತೆ ಕರ್ಮಬಂಧ ಕಡಿದ ಜೀವಕ್ಕೂ ಗತಿಯುಂಟೆಂಬುದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಮಾಡಿದ ವಿವರಣೆಯ ಸಾರ. ಈ ದೃಷ್ಟಾಂತ ಪ್ರತ್ಯಕ್ಷಾನುಭವದಿಂದ ಬಂದುದು. ಏರಂಡದ ಮೂರು ಹೋಳಿನ ಕಾಯಿ ಒಣಗುತ್ತಿದ್ದಂತೆ ಅದರ ಗೋಡೆಗಳಲ್ಲಿ ಸೆಳೆತ ಹೆಚ್ಚಿ, ಕೊನೆಗೆ ಕಾಯಿ ಬಿರಿದು ಬೀಜವನ್ನು ದೂರಕ್ಕೆ ಚಿಮ್ಮಿಸುತ್ತದೆ.

ತತ್ತ್ವಗ್ರಂಥಗಳಲ್ಲಿ ಮುಕ್ತಿಗೆ ನಿದರ್ಶನವಾದ ಇದೇ ಬೀಜ ವೈದ್ಯಗ್ರಂಥಗಳಲ್ಲಿ ಔಷಧದ್ರವ್ಯವಾಗಿ ಕಾಣಿಸುತ್ತದೆ. ಪ್ರಬಲವಾದ ನಂಜೊಂದು ಅದರಲ್ಲಿ ಅಡಗಿದೆಯೆಂಬುದು ಆಧುನಿಕ ರಸಾಯನಶಾಸ್ತ್ರದ ನಿಶ್ಚಯ. ಹೀಗಿದ್ದೂ ಪ್ರಾಚೀನರು ಎಣಿಸಿದ ಉಪವಿಷಗಳಲ್ಲಿ ಏರಂಡದ ಹೆಸರಿಲ್ಲ. ಈ ಮೌನಕ್ಕೆ ಕಾರಣವೇನು, ವೈದ್ಯ ಹಸ್ತಪ್ರತಿಗಳ ಸಂಪಾದನೆಗೆ ಅದರಿಂದ ದೊರೆಯುವ ಪಾಠವೇನು ಎಂಬುದು ವಿಚಾರಾರ್ಹವಾಗಿದೆ.

ಗಿಡದ ಪ್ರಾಚೀನತೆ

ಏರಂಡದ ಮೂಲನೆಲೆ ಪೂರ್ವ ಆಫ್ರಿಕವೆಂದು ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ಈಜಿಪ್ಟಿನ ಪ್ರಾಚೀನ ಸಮಾಧಿಗಳಲ್ಲಿ ಇದರ ಬೀಜಗಳು ದೊರೆತಿವೆ. ಸುಮಾರು ಕ್ರಿ. ಪೂ. 1550ರ ಎಬರ್ಸ್ ಪಪೈರಸ್ ಎಂಬ ವೈದ್ಯಲೇಖನದಲ್ಲಿ ಇದರ ಪ್ರಯೋಗಗಳಿವೆ. ಈಜಿಪ್ಟಿನವರು ದೀಪಕ್ಕೆ ಬಳಸುತ್ತಿದ್ದ ಈ ಎಣ್ಣೆಯನ್ನು ಹೆರೊಡೋಟಸ್ 'ಕಿಕಿ' ಎಂದು ಕರೆದಿದ್ದಾನೆ. ಭಾರತದಲ್ಲಿಯೂ ಇದರ ಬಳಕೆ ಅತಿ ಹಳೆಯದು. ವೃಷ್ಯ ಮತ್ತು ವಾತಹರ ದ್ರವ್ಯಗಳಲ್ಲಿ ಏರಂಡಮೂಲವೇ ಶ್ರೇಷ್ಠವೆಂದು ಚರಕಸಂಹಿತೆ ಎಣಿಸಿದೆ. ಇಲ್ಲಿ ಹೇಳಿರುವುದು ಬೇರಿನ ಮಾತು, ಬೀಜದ್ದಲ್ಲ ಎಂಬುದನ್ನು ಗಮನಿಸಬೇಕು. ಲಿನೇಯಸ್ 1753ರಲ್ಲಿ ಗಿಡಕ್ಕೆ 'ರಿಸಿನಸ್ ಕಮ್ಯೂನಿಸ್' ಎಂಬ ಶಾಸ್ತ್ರೀಯ ನಾಮವನ್ನಿತ್ತನು. ಲ್ಯಾಟಿನ್ ಭಾಷೆಯಲ್ಲಿ 'ರಿಸಿನಸ್' ಎಂದರೆ ಉಣ್ಣೆ. ಚುಕ್ಕೆಗಳುಳ್ಳ ಬೀಜ ರಕ್ತ ಕುಡಿದು ಉಬ್ಬಿದ ಉಣ್ಣೆಯನ್ನು ಹೋಲುವುದೇ ಈ ಹೆಸರಿಗೆ ಕಾರಣ.

ಎಣ್ಣೆಯ ಸ್ವರೂಪ

ಬೀಜದ ತೂಕದಲ್ಲಿ ಸುಮಾರು ನೂರಕ್ಕೆ 40ರಿಂದ 55 ಭಾಗ ಎಣ್ಣೆ. ಈ ಎಣ್ಣೆಯ ಮೇದಾಮ್ಲಗಳಲ್ಲಿ ನೂರಕ್ಕೆ 90ರಷ್ಟು ರಿಸಿನೋಲಿಯಿಕ್ ಆಮ್ಲ. ಹದಿನೆಂಟು ಇಂಗಾಲದ ಪರಮಾಣುಗಳ ಈ ಸರಪಳಿಯಲ್ಲಿ ಹನ್ನೆರಡನೆಯ ಸ್ಥಾನದಲ್ಲಿ ಒಂದು ಹೈಡ್ರಾಕ್ಸಿಲ್ ಗುಂಪು ಇದೆ. ಎಳ್ಳು, ಕುಸುಬೆ, ಕಡಲೆಕಾಯಿಗಳ ಎಣ್ಣೆಯಲ್ಲಿ ಇಂಥ ರಚನೆಯಿಲ್ಲ. ಹರಳೆಣ್ಣೆಯ ಮಂದತೆ, ಮದ್ಯಸಾರದಲ್ಲಿ ಕರಗುವ ಗುಣ, ಕೀಲುಗಳಿಗೆ ಜಾರಿಕೆಯೀಯುವ ಶಕ್ತಿ ಇವೆಲ್ಲಕ್ಕೂ ಆ ಒಂದು ಗುಂಪೇ ಮುಖ್ಯ ಕಾರಣ. ಅಗಸೆಯೆಣ್ಣೆಯಂತೆ ಇದು ಗಾಳಿಗೆ ಒಣಗಿ ಪೊರೆಗಟ್ಟುವುದಿಲ್ಲ. ಗಾಡಿಯ ಅಚ್ಚಿನಿಂದ ವಿಮಾನದ ಯಂತ್ರದವರೆಗೆ ಇದು ಉಪಯೋಗಕ್ಕೆ ಬಂದಿದೆ; ನೈಲಾನ್-11 ಎಂಬ ಕೃತಕ ನೂಲಿಗೂ ಇದೇ ಮೂಲದ್ರವ್ಯ.

ವಿರೇಚನಗುಣವೂ ಈ ಆಮ್ಲದ್ದೇ. ಸೇವಿಸಿದ ಎಣ್ಣೆ ಸಣ್ಣಕರುಳಿನಲ್ಲಿ ಒಡೆದು ರಿಸಿನೋಲಿಯಿಕ್ ಆಮ್ಲ ಬಿಡುಗಡೆಯಾಗುತ್ತದೆ. ಅದು ಕರುಳಿನ ಸ್ನಾಯುಗಳಲ್ಲಿರುವ ಇ.ಪಿ.3 ಎಂಬ ಗ್ರಾಹಕವನ್ನು ಪ್ರಚೋದಿಸುವುದರಿಂದ ವಿರೇಚನವಾಗುತ್ತದೆಂದು 2012ರಲ್ಲಿ ಇಲಿಗಳ ಮೇಲೆ ನಡೆದ ಸಂಶೋಧನೆ ತೋರಿಸಿತು. ಗರ್ಭಕೋಶದ ಸ್ನಾಯುಗಳಲ್ಲಿಯೂ ಅದೇ ಗ್ರಾಹಕವಿದೆ. ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಈ ಎಣ್ಣೆಯನ್ನು ಸೇವಿಸಬಾರದೆಂಬ ಎಚ್ಚರಿಕೆಗೆ ಇದರಿಂದ ಶಾಸ್ತ್ರೀಯ ಆಧಾರ ದೊರೆತಂತಾಯಿತು.

ನಂಜಿನ ಶೋಧ

ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ವಿಷವೆಂಬುದು ಅನುಭವಸಿದ್ಧವಾಗಿದ್ದರೂ ಆ ವಿಷದ್ರವ್ಯವನ್ನು ಬೇರ್ಪಡಿಸಿ 'ರಿಸಿನ್' ಎಂದು ಹೆಸರಿಟ್ಟವನು ಡೋರ್ಪಾಟ್ ವಿಶ್ವವಿದ್ಯಾಲಯದ ಸ್ಟಿಲ್‌ಮಾರ್ಕ್, 1888ರಲ್ಲಿ. ರಿಸಿನ್ ಒಂದು ಸಸಾರಜನಕ (ಪ್ರೋಟೀನು). ಅದು ರಕ್ತಕಣಗಳನ್ನು ಗಂಟುಗಟ್ಟಿಸುತ್ತದೆಂದು ಅವನು ಕಂಡನು. 1891ರಲ್ಲಿ ಪೌಲ್ ಎರ್ಲಿಖ್ ಇಲಿಗಳಿಗೆ ರಿಸಿನ್ನನ್ನು ಅತ್ಯಲ್ಪ ಮಾತ್ರೆಯಿಂದ ಆರಂಭಿಸಿ ಕ್ರಮವಾಗಿ ಹೆಚ್ಚಿಸುತ್ತ ಕೊಟ್ಟಾಗ ಅವು ಆ ನಂಜನ್ನು ತಾಳಿಕೊಳ್ಳುವ ಶಕ್ತಿಯನ್ನು ಪಡೆದವು. ಗುಲಗಂಜಿಯ ನಂಜಾದ ಅಬ್ರಿನ್ನಿನ ಮೇಲೂ ಅವನು ಇದೇ ಪರೀಕ್ಷೆ ನಡೆಸಿದನು. ರಿಸಿನ್ನನ್ನು ತಾಳಿಕೊಂಡ ಇಲಿ ಅಬ್ರಿನ್ನಿಗೆ ಬಲಿಯಾಗುತ್ತಿತ್ತು. ಅಬ್ರಿನ್ನನ್ನು ತಾಳಿಕೊಂಡುದು ರಿಸಿನ್ನಿಗೆ. ಒಂದೊಂದು ನಂಜಿಗೂ ಶರೀರ ಬೇರೆಬೇರೆ ಪ್ರತಿದ್ರವ್ಯವನ್ನು ನಿರ್ಮಿಸುತ್ತದೆಂಬ ಸಿದ್ಧಾಂತಕ್ಕೆ ಇದು ಬುನಾದಿಯಾಯಿತು.

ರಿಸಿನ್ನಿನ ಅಣುವಿನಲ್ಲಿ ಎರಡು ಸರಪಳಿಗಳಿವೆ. ಒಂದು ಜೀವಕೋಶದ ಹೊರಮೈಗೆ ಅಂಟಿಕೊಂಡು ಒಳಹೊಗಲು ದಾರಿ ಮಾಡಿಕೊಡುತ್ತದೆ. ಇನ್ನೊಂದು ಒಳಹೊಕ್ಕು ಸಸಾರಜನಕವನ್ನು ನಿರ್ಮಿಸುವ ರೈಬೋಸೋಮುಗಳನ್ನು ಕೆಡಿಸುತ್ತದೆ. ರೈಬೋಸೋಮಿನ ಆರ್.ಎನ್.ಎ.ಯಿಂದ ಒಂದೇ ಒಂದು ಅಡೆನಿನ್ ಘಟಕವನ್ನು ಕಿತ್ತುಹಾಕುವುದರಿಂದಲೇ ಈ ನಾಶ ಸಂಭವಿಸುತ್ತದೆಂದು ಜಪಾನಿನ ಎಂಡೊ ಮತ್ತು ತ್ಸುರುಗಿ 1987ರಲ್ಲಿ ನಿರೂಪಿಸಿದರು. ಬೀಜವನ್ನು ಅಗಿದು ನುಂಗಿದರೆ ಕೆಲವು ಗಂಟೆಗಳಲ್ಲಿ ವಾಂತಿ, ರಕ್ತಮಿಶ್ರಿತ ಭೇದಿ, ದೇಹದ ನೀರಿನಂಶದ ನಷ್ಟ ತಲೆದೋರಿ, ವಿಷಮಿಸಿದರೆ ಯಕೃತ್ತು ಮತ್ತು ಮೂತ್ರಪಿಂಡಗಳು ಕೆಡುತ್ತವೆ. ಹೊರಸಿಪ್ಪೆ ಗಟ್ಟಿಯಾದುದರಿಂದ ಅಗಿಯದೆ ನುಂಗಿದ ಇಡೀ ಬೀಜ ಕೆಲವೊಮ್ಮೆ ಬಾಧೆಯಿಲ್ಲದೆ ಹೊರಬೀಳುವುದುಂಟು. ಇದಕ್ಕೆ ಸಿದ್ಧವಾದ ಪ್ರತಿವಿಷ ಬಳಕೆಗೆ ಬಂದಿಲ್ಲ. ತ್ವರಿತವಾದ ಆಸ್ಪತ್ರೆಯ ಶುಶ್ರೂಷೆಯೊಂದೇ ಮಾರ್ಗ. 1978ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಬಲ್ಗೇರಿಯದ ಲೇಖಕ ಗಿಯೋರ್ಗಿ ಮಾರ್ಕೊವ್ ಕಾಲಿಗೆ ಹೊಕ್ಕ ಸೂಕ್ಷ್ಮವಾದ ಲೋಹದ ಗುಂಡಿನಿಂದ ಮಡಿದಾಗ ಅದರಲ್ಲಿದ್ದುದು ರಿಸಿನ್ನೇ ಎಂದು ತಜ್ಞರು ನಿರ್ಣಯಿಸಿದರು. 1997ರಲ್ಲಿ ಜಾರಿಗೆ ಬಂದ ರಾಸಾಯನಿಕ ಅಸ್ತ್ರಗಳ ನಿಷೇಧದ ಒಪ್ಪಂದದ ಮೊದಲನೆಯ ಅನುಸೂಚಿಯಲ್ಲಿ ರಿಸಿನ್ ಸೇರಿದೆ.

ಉಪವಿಷಗಳ ಪಟ್ಟಿ ಮತ್ತು ಏರಂಡ

ರಸಶಾಸ್ತ್ರದ ಗ್ರಂಥಗಳು ಅರ್ಕ, ಸ್ನುಹಿ, ಲಾಂಗಲಿ, ಗುಂಜಾ, ಕರವೀರ, ಧತ್ತೂರ, ಅಹಿಫೇನಗಳನ್ನೂ, ಕೆಲವು ಜಯಪಾಲ ಭಲ್ಲಾತಕಾದಿಗಳನ್ನೂ ಉಪವಿಷಗಳೆಂದು ಎಣಿಸುತ್ತವೆ. ಗುಂಜಾ, ಎಂದರೆ ಗುಲಗಂಜಿ, ಈ ಪಟ್ಟಿಯಲ್ಲಿದೆ. ಅದರ ಒಡಹುಟ್ಟಿದಂತಿರುವ ನಂಜುಳ್ಳ ಏರಂಡ ಇಲ್ಲ. ಇದನ್ನು ಪ್ರಾಚೀನರ ಅಜ್ಞಾನವೆನ್ನುವುದು ಆತುರದ ಮಾತಾದೀತು. ಕಾರಣವನ್ನು ಬಳಕೆಯ ಕ್ರಮದಲ್ಲಿ ಹುಡುಕಬೇಕು.

ರಿಸಿನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದುದರಿಂದ ಬೀಜವನ್ನು ಹಿಂಡಿದಾಗ ನಂಜು ಹಿಂಡಿಯಲ್ಲಿಯೇ ನಿಲ್ಲುತ್ತದೆ. ಇತರ ಸಸಾರಜನಕಗಳಂತೆ ಅದು ಕಾವಿಗೆ ಕೆಡುತ್ತದೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಎಣ್ಣೆ ತೆಗೆಯುವ ಕ್ರಮವನ್ನು ವರ್ಣಿಸಿದ್ದಾನೆ. ಬೀಜವನ್ನು ಹುರಿದು, ಒರಳಿನಲ್ಲಿ ಕುಟ್ಟಿ, ಉಂಡೆಗಟ್ಟಿ, ನೀರಿನಲ್ಲಿ ಗಂಟೆಗಟ್ಟಲೆ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ತೆಗೆದು ಮತ್ತೊಮ್ಮೆ ಕಾಯಿಸುತ್ತಿದ್ದರು. ಈ ಕ್ರಮದಲ್ಲಿ ಹುರಿಯುವುದು, ಕುದಿಸುವುದು, ಕಾಯಿಸುವುದು ಎಂದು ಮೂರು ಸಲ ಅಗ್ನಿಸಂಸ್ಕಾರವಿದೆ. ಬೀಜವನ್ನೇ ಔಷಧವಾಗಿ ವಿಧಿಸುವ ಪಾಯಸದ ಪ್ರಯೋಗದಲ್ಲಿಯೂ ಸಿಪ್ಪೆ ತೆಗೆದು, ಅರೆದು, ಹಾಲಿನಲ್ಲಿ ಬೇಯಿಸಬೇಕೆಂಬ ಕಟ್ಟಳೆಯುಂಟು. ಹೀಗೆ ವೈದ್ಯರ ಕೈಯಿಂದ ರೋಗಿಯನ್ನು ತಲಪುತ್ತಿದ್ದುದು ಬೇರು, ಎಲೆ, ಎಣ್ಣೆ ಅಥವಾ ಬೆಂದ ಬೀಜ, ಹಸಿಬೀಜವಲ್ಲ. ನಂಜಿನ ಹೆಸರನ್ನರಿಯದೆಯೂ ಅದನ್ನು ಕಳೆಯುವ ವಿಧಾನ ರೂಢಿಯಲ್ಲಿತ್ತು. ಆದರೆ ಆ ರೂಢಿ ಗಾಣಿಗನ ಮತ್ತು ವೈದ್ಯನ ಕೈಯಲ್ಲಿದ್ದುದೇ ಹೊರತು ಎಲ್ಲ ಓಲೆಗಳಲ್ಲಿ ಬರೆದಿಟ್ಟುದಲ್ಲ.

ಹೆಸರುಗಳ ತೊಡಕು

ಜೈನ ವೈದ್ಯಸಾಹಿತ್ಯ ಕನ್ನಡನಾಡಿನಲ್ಲಿ ಸಮೃದ್ಧವಾಗಿದೆ. ಮದ್ಯ ಮಾಂಸ ಮಧುಗಳನ್ನು ವರ್ಜಿಸಿ ರಚಿತವಾದ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ 1940ರಲ್ಲಿ ಸೊಲ್ಲಾಪುರದಿಂದ ಮುದ್ರಿತವಾಯಿತು. ಸ್ಥಾವರ ಜಂಗಮ ವಿಷಗಳೆರಡನ್ನೂ ವಿವರಿಸುವ ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವಂತೂ ಕನ್ನಡ ವಿಷವೈದ್ಯದ ಪ್ರಮುಖ ಕೃತಿ. ಇವಲ್ಲದೆ ಬಸದಿ, ಮಠ, ಮನೆತನಗಳ ಭಂಡಾರಗಳಲ್ಲಿ ಕರ್ತೃವಿನ ಹೆಸರಿಲ್ಲದ ಔಷಧಯೋಗಗಳ ಕಟ್ಟುಗಳು ಹೇರಳವಾಗಿವೆ. ಇಂಥವನ್ನು ಓದುವಾಗ ಏರಂಡದ ಪರ್ಯಾಯನಾಮಗಳು ಒಡ್ಡುವ ತೊಡಕು ಸಣ್ಣದಲ್ಲ.

ಅಮರಕೋಶ ಏರಂಡಕ್ಕೆ ಕೊಡುವ ಹೆಸರುಗಳಲ್ಲಿ 'ಚಿತ್ರಕ'ವೂ ಒಂದು. ಅದೇ ಕೋಶದಲ್ಲಿ ಚಿತ್ರಕವೆಂಬುದು ಅಗ್ನಿನಾಮಗಳುಳ್ಳ ಇನ್ನೊಂದು ಗಿಡಕ್ಕೂ, ಎಂದರೆ ಚಿತ್ರಮೂಲಕ್ಕೂ ಸಲ್ಲುತ್ತದೆ. ಚಿತ್ರಮೂಲದ ಹಸಿಬೇರು ಚರ್ಮವನ್ನು ಬೊಬ್ಬೆಯೇಳಿಸುವಷ್ಟು ತೀಕ್ಷ್ಣ, ಗರ್ಭಿಣಿಯರಿಗೆ ಅಪಾಯಕರ. 'ವರ್ಧಮಾನ' ಎಂಬುದೂ ಏರಂಡನಾಮವೇ. ಆದರೆ ದಿನದಿನಕ್ಕೆ ಮಾತ್ರೆಯನ್ನು ಏರಿಸುವ ಪಿಪ್ಪಲೀಪ್ರಯೋಗಕ್ಕೂ ವರ್ಧಮಾನವೆಂದೇ ಹೆಸರು. ಗ್ರಂಥಾರಂಭದ ಮಂಗಳದಲ್ಲಿ ಅದು ಅಂತಿಮ ತೀರ್ಥಂಕರರ ನಾಮ. ಪ್ರಕರಣವನ್ನು ನೋಡದೆ ಅರ್ಥ ಹೇಳುವಂತಿಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ದಂತಿಯ ವಿಷಯ. ನಿಘಂಟುಗಳಲ್ಲಿ ದಂತಿಗೆ 'ಏರಂಡಫಲಾ' ಎಂಬ ಪರ್ಯಾಯವಿದೆ. ಏರಂಡದಂಥ ಕಾಯುಳ್ಳದ್ದು ಎಂದು ಅದರ ಅರ್ಥ. ಲಿಪಿಕಾರನು ದೀರ್ಘವನ್ನು ಬಿಟ್ಟರೆ ಅದು 'ಏರಂಡಫಲ'ವಾಗಿ ಹರಳಿನ ಕಾಯಿ ಎಂಬ ಅರ್ಥ ಕೊಡುತ್ತದೆ. ದಂತಿ ಉಗ್ರವಿರೇಚಕ, ವಿಷದ್ರವ್ಯಗಳನ್ನು ಹೆಸರಿಸುವ ಭಾರತದ ಔಷಧ ಕಾಯಿದೆಯ ಅನುಸೂಚಿಯಲ್ಲಿ ಗುಂಜಾ ಜಯಪಾಲಗಳ ಜೊತೆಗೆ ಅದೂ ಇದೆ. ಒಂದು ದೀರ್ಘಚಿಹ್ನೆಯ ಲೋಪದಿಂದ ಒಂದು ಮದ್ದು ಇನ್ನೊಂದಾಗುತ್ತದೆ, ಮಾತ್ರೆ ಮಾತ್ರ ಹಾಗೆಯೇ ಉಳಿಯುತ್ತದೆ.

ಕನ್ನಡದ ಹೆಸರುಗಳಲ್ಲಿಯೂ ಎಚ್ಚರ ಬೇಕು. ತೆಂಕಣ ಸೀಮೆಯ ಹರಳೇ ಬಡಗಣ ಸೀಮೆಯ ಔಡಲ. ಹರಳು ಎಂದರೆ ರತ್ನದ ಕಲ್ಲೂ ಹೌದು. ಕಾಡುಹರಳು, ಮರಹರಳು ಎಂದು ಜನ ಕರೆಯುವ ಬೇಲಿಗಿಡ ಬೇರೆಯೇ ಜಾತಿ. ಅದರ ಮೂಲನೆಲೆ ಅಮೆರಿಕ ಖಂಡ. ಹದಿನಾರನೆಯ ಶತಮಾನಕ್ಕೆ ಮುಂಚೆ ಅದು ಈ ದೇಶದಲ್ಲಿರಲು ಸಾಧ್ಯವಿಲ್ಲ. ಆದಕಾರಣ ಮಂಗರಾಜನ ಕಾಲದ ಕೃತಿಯಲ್ಲಿನ ಹರಳಿಗೆ ಆ ಗಿಡವನ್ನು ಅರ್ಥವಾಗಿ ಹೇಳುವ ಟಿಪ್ಪಣಿ ಯಾವುದೇ ಇದ್ದರೂ ಅದು ಈಚಿನವರ ಕೈಯದೆಂದು ತಿಳಿಯಬೇಕು. ಈ ಭೇದ ಕಾಲನಿರ್ಣಯಕ್ಕೆ ಮಾತ್ರವಲ್ಲ, ಪ್ರಾಣಕ್ಕೂ ಸಂಬಂಧಿಸಿದ್ದು. ಹರಳಿನ ನಂಜು ಎಣ್ಣೆಗಿಳಿಯುವುದಿಲ್ಲ. ಕಾಡುಹರಳು ಮತ್ತು ಜಾಪಾಳಗಳಲ್ಲಿರುವ ಫೋರ್ಬಾಲ್ ಎಂಬ ವರ್ಗದ ನಂಜುಗಳು ಎಣ್ಣೆಯಲ್ಲಿಯೇ ಕರಗಿ ಬರುತ್ತವೆ. ಒಂದರ ಎಣ್ಣೆ ಮದ್ದು, ಇನ್ನೊಂದರ ಎಣ್ಣೆಯೇ ವಿಷ.

ಸಂಪಾದಕರ ಹೊಣೆ

ವೈದ್ಯನ ಓಲೆಕಟ್ಟು ಬಲ್ಲವನ ನೆನಪಿಗೆ ಬರೆದುಕೊಂಡುದು. ಯಾವ ಅಂಗವನ್ನು ತರಬೇಕು, ಹೇಗೆ ಬೇಯಿಸಬೇಕು, ಯಾರಿಗೆ ಕೊಡಬಾರದು ಎಂಬುದನ್ನು ಶಿಷ್ಯನು ಗುರುವಿನ ಬಳಿಯಲ್ಲಿಯೇ ಕಲಿತಿರುತ್ತಿದ್ದನು. ಮುದ್ರಿತವಾದೊಡನೆ ಆ ಕಟ್ಟು ಗುರುವಿಲ್ಲದ ಓದುಗರ ಕೈಗೆ ಸೇರುತ್ತದೆ. ಕಾವ್ಯದ ಅಪಪಾಠದಿಂದ ರಸಭಂಗವಾದೀತು. ವೈದ್ಯಗ್ರಂಥದ ಅಪಪಾಠದಿಂದ ಪ್ರಾಣಹಾನಿಯೇ ಸಂಭವಿಸಬಹುದು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಆಚಾರ್ಯರ ಕೃತಿಗಳ ವಿಷಯದಲ್ಲಿ ಈ ಹೊಣೆ ಇನ್ನೂ ಗುರುತರವಾದುದು.

ಆದುದರಿಂದ ಇಂಥ ಪ್ರತಿಗಳ ಸಂಪಾದನೆಯಲ್ಲಿ ಏರಂಡವೆಂಬಲ್ಲೆಲ್ಲ ಮೂಲ, ಪತ್ರ, ಬೀಜ, ತೈಲಗಳಲ್ಲಿ ಯಾವುದು ವಿವಕ್ಷಿತವೆಂಬುದನ್ನು ಪ್ರತ್ಯಂತರಗಳ ನೆರವಿನಿಂದ ನಿರ್ಣಯಿಸಬೇಕು. ನಿರ್ಣಯವಾಗದಿದ್ದರೆ ಊಹೆಯಿಂದ ತುಂಬದೆ ಸಂದಿಗ್ಧವೆಂದೇ ತೋರಿಸಬೇಕು. ಪರ್ಯಾಯನಾಮಕ್ಕೆ ಅರ್ಥ ಬರೆಯುವಾಗ ಕೋಶದ ಜೊತೆಗೆ ಆ ಸೀಮೆಯ ಬಳಕೆಯನ್ನೂ ಗಿಡದ ಇತಿಹಾಸವನ್ನೂ ನೋಡಬೇಕು. ಪಾಠದಲ್ಲಿ ಪಾಕಕ್ರಮ ಲುಪ್ತವಾಗಿರುವೆಡೆ ಹಸಿಬೀಜ ವಿಷವೆಂಬ ಸೂಚನೆಯನ್ನು ಅಡಿಟಿಪ್ಪಣಿಯಲ್ಲಿ ತಪ್ಪದೆ ಕೊಡಬೇಕು. ಓಲೆಯ ಮೇಲೆ ಬರೆಯದೆ ಬಿಟ್ಟ ತಿಳಿವಳಿಕೆಯನ್ನು ಹೀಗೆ ಒದಗಿಸಿಕೊಟ್ಟಲ್ಲಿ ಮಾತ್ರ ಗ್ರಂಥೋದ್ಧಾರ ಲೋಕಹಿತವೂ ಆದೀತು.