ಕಾಲ್ನಡಿಗೆಯ ಬಡಾವಣೆಗಳು: ಬಸವನಗುಡಿ ಮತ್ತು ಮಲ್ಲೇಶ್ವರ

ಬೆಂಗಳೂರಿನ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ. ಒಂದು ಹಳೆಯ ಪೇಟೆಯ ದಕ್ಷಿಣಕ್ಕಿದೆ, ಇನ್ನೊಂದು ವಾಯವ್ಯಕ್ಕೆ. ಎರಡಕ್ಕೂ ಅಲ್ಲಿ ಮೊದಲೇ ಇದ್ದ ದೇವಸ್ಥಾನಗಳ ಹೆಸರೇ ನಿಂತಿತು: ಕಹಳೆ ಬಂಡೆಯ ಪಕ್ಕದ ದೊಡ್ಡ ಬಸವಣ್ಣನ ಗುಡಿ, ಮತ್ತು ಮರಾಠ ದೊರೆ ಏಕೋಜಿಯ ದತ್ತಿಯನ್ನು 1669ರ ಶಾಸನವೊಂದು ದಾಖಲಿಸಿರುವ ಕಾಡುಮಲ್ಲೇಶ್ವರನ ಗುಡಿ. ಸೊಪ್ಪು, ಶಾಲೆ, ದೇವಸ್ಥಾನ, ಗ್ರಂಥಾಲಯ, ಕಾಫಿ ಎಲ್ಲವೂ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಸಿಗುವ ಜಾಗಗಳೆಂದು ಇವು ಇಂದು ಹೆಸರಾಗಿವೆ. ಆದರೆ ಇವುಗಳ ನಕ್ಷೆ ಬರೆದವರು ನಡೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಿಲ್ಲ. ಅವರಿಗೆ ಬೇಕಿದ್ದುದು ಗಾಳಿ, ಬೆಳಕು ಮತ್ತು ರೋಗವಿಲ್ಲದ ನೆಲ. ನಡೆದಾಡುವ ಸುಖವನ್ನು ಕಟ್ಟಿದವರು ಆಮೇಲೆ ಬಂದ ಹೂವಿನವರು, ಹೋಟೆಲಿನವರು, ಮೇಷ್ಟ್ರುಗಳು ಮತ್ತು ಬಾಡಿಗೆ ಮನೆಯ ಗುಮಾಸ್ತರು.

ಈ ಬಡಾವಣೆಗಳಿಗಿಂತ ಮೊದಲಿನ ಬೆಂಗಳೂರೂ ನಡಿಗೆಯ ಊರೇ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯಲ್ಲಿ ದೊಡ್ಡಪೇಟೆ ಮತ್ತು ಚಿಕ್ಕಪೇಟೆಯ ಬೀದಿಗಳು ಒಂದನ್ನೊಂದು ಹಾಯುವ ಚೌಕವೇ ನಡುಮಧ್ಯ. ಅದರ ಸುತ್ತ ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತರಗುಪೇಟೆ ಹೀಗೆ ಕಸುಬಿಗೊಂದು ಪೇಟೆ ಬೆಳೆಯಿತು. ಮುಂದೆ ಅಂಗಡಿ, ಹಿಂದೆ ಅಥವಾ ಅಟ್ಟದ ಮೇಲೆ ಸಂಸಾರ. ಕೆಲಸಕ್ಕೆ ಹೋಗುವುದೆಂದರೆ ಹೊಸ್ತಿಲು ದಾಟುವುದು, ಹೆಚ್ಚೆಂದರೆ ಎರಡು ಗಲ್ಲಿ ದಾಟುವುದು. ಎತ್ತಿನ ಗಾಡಿಯಲ್ಲಿ ಸರಕು ಬರುತ್ತಿತ್ತು, ಜನ ಮಾತ್ರ ನಡೆಯುತ್ತಿದ್ದರು. ಈ ಹತ್ತಿರಕ್ಕೆ ತೆರಬೇಕಾದ ಬೆಲೆಯೂ ಇತ್ತು. ಮನೆಗಳ ಗೋಡೆಗಳು ಒಂದಕ್ಕೊಂದು ಅಂಟಿದ್ದವು, ಚರಂಡಿಗಳು ತೆರೆದಿದ್ದವು, ಕುಡಿಯುವ ನೀರು ಬಾವಿ, ಕಲ್ಯಾಣಿ, ಕೆರೆಗಳದ್ದು.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಯಲ್ಲಿ ಅದು ಮನೆಯಿಂದ ಮನೆಗೆ ಹಬ್ಬಿತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ. 1891ರ ಜನಗಣತಿಯಲ್ಲಿ 80,285 ಇದ್ದ ನಗರದ ಜನಸಂಖ್ಯೆ 1901ರಲ್ಲಿ 69,447ಕ್ಕೆ ಇಳಿದಿತ್ತು. ಬ್ರಿಟಿಷರ ದಂಡಿನ (ಕಂಟೋನ್ಮೆಂಟ್) ಪ್ರದೇಶದಲ್ಲಿಯೂ ಹತ್ತು ಸಾವಿರದಷ್ಟು ಜನ ಕಡಿಮೆಯಾಗಿದ್ದರು. ಆ ದಿನಗಳ ಭಯ ಊರಿನ ಹಲವು ಕಡೆ ಪ್ಲೇಗ್ ಮಾರಮ್ಮನ ಗುಡಿಗಳಾಗಿ ಉಳಿದಿದೆ.

ಪೇಟೆಯಾಚೆಗೆ ಬಡಾವಣೆ ಮಾಡುವ ಯೋಚನೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಪ್ಲೇಗಿಗಿಂತ ಮೊದಲೇ ಆರಂಭವಾಗಿತ್ತು. ಚಾಮರಾಜಪೇಟೆ 1892ರಷ್ಟು ಹಳೆಯದು. ಪ್ಲೇಗು ಆ ಯೋಚನೆಯನ್ನು ತುರ್ತಿನ ಕೆಲಸವಾಗಿಸಿತು. ಪ್ಲೇಗ್ ಕಮಿಷನರ್ ಆಗಿದ್ದ ವಿ.ಪಿ. ಮಾಧವರಾವ್ ಮುಂದೆ ಮೈಸೂರಿನ ದಿವಾನರೂ ಆದರು. ಬಸವನಗುಡಿಯ ಮಾಧವರಾವ್ ವೃತ್ತದಲ್ಲಿ ಅವರ ಹೆಸರಿದೆ. ಹೊಸ ನೆಲದಲ್ಲಿ ಜನ ನೆಲೆಸಲು ನೀರೂ ಬೇಕಿತ್ತಲ್ಲವೇ? ಹೆಸರಘಟ್ಟದಿಂದ ಕೊಳವೆ ನೀರು ತರುವ ವ್ಯವಸ್ಥೆ 1896ರಲ್ಲೇ ಸಿದ್ಧವಾಗಿತ್ತು. ಹೀಗೆ ನೀರು, ನೆಲ, ಭಯ ಮೂರೂ ಒಂದೇ ದಶಕದಲ್ಲಿ ಕೂಡಿಬಂದವು.

ಹೊಸ ಬಡಾವಣೆಗಳ ನಕ್ಷೆ ಸರಳ. ಉದ್ದಕ್ಕೆ ಮೇನ್ ರಸ್ತೆಗಳು, ಅಡ್ಡಕ್ಕೆ ಸಾಲು ಸಾಲು ಕ್ರಾಸ್‌ಗಳು. ಮನೆಗೂ ಮನೆಗೂ ನಡುವೆ ಗಾಳಿಗೆ ಜಾಗ, ಮುಂದೆ ಕೈತೋಟ, ಬೀದಿಬದಿಗೆ ಮರ. ಕ್ರಾಸ್‌ಗಳು ಹತ್ತಿರ ಹತ್ತಿರ ಇದ್ದುದರಿಂದ ಆದ ಲಾಭವನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ನಡೆಯುವವನಿಗೆ ಮೂಲೆಮೂಲೆಯಲ್ಲೂ ಇನ್ನೊಂದು ದಾರಿ ಸಿಗುತ್ತಿತ್ತು. ಮೂರನೇ ಮನೆಯ ಹಿಂದಿನ ಬೀದಿಗೆ ಹೋಗಲು ಅರ್ಧ ಮೈಲಿ ಸುತ್ತಬೇಕಾಗಿರಲಿಲ್ಲ. ಮಲ್ಲೇಶ್ವರದ ಎರಡು ಮುಖ್ಯ ಬೀದಿಗಳಿಗೆ ಸಂಪಿಗೆಯ ಹೆಸರೂ ಬೇವಿನ ಇಂಗ್ಲಿಷ್ ಹೆಸರಾದ ಮಾರ್ಗೋಸವೂ ಬಂದವು. ಬಿಸಿಲೂರಿನಲ್ಲಿ ನಡಿಗೆಗೆ ನೆರಳಿಗಿಂತ ದೊಡ್ಡ ಸೌಕರ್ಯ ಇನ್ನೊಂದಿಲ್ಲ.

ಇದೇ ನಕ್ಷೆಯಲ್ಲಿ ಆ ಕಾಲದ ಸಮಾಜವೂ ಇತ್ತು. ನಿವೇಶನಗಳನ್ನು ಜಾತಿ, ಸಮುದಾಯಗಳಿಗೆ ಅನುಸಾರವಾಗಿ ಹಂಚಲಾಯಿತು. ಯಾವ ಬೀದಿಯಲ್ಲಿ ಯಾರು ಮನೆ ಕಟ್ಟಬಹುದು ಎಂಬುದು ಬಹುಮಟ್ಟಿಗೆ ಮೊದಲೇ ನಿರ್ಧಾರವಾಗಿತ್ತು. ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿಗಳೆಂಬ ಸಣ್ಣ ಓಣಿಗಳಿದ್ದವು. ಒಳಚರಂಡಿ ಬರುವ ಮುನ್ನ ಮಲ ಹೊರುವ ಕೆಲಸದವರು ಬಂದುಹೋಗಲು ಮಾಡಿದ ದಾರಿ ಅದು. ಮುಂದಿನ ಬೀದಿ ಅಷ್ಟು ನಿರ್ಮಲವಾಗಿ, ವಿರಾಮದ ನಡಿಗೆಗೆ ತಕ್ಕಂತೆ ಕಾಣುತ್ತಿದ್ದುದು ಕೆಲವರ ನಡಿಗೆಯನ್ನು ಹಿತ್ತಿಲಿಗೆ ಸರಿಸಿದ್ದರಿಂದ. ಹಳೆಯ ಬಡಾವಣೆಗಳ ಸೊಗಸನ್ನು ಹೇಳುವಾಗ ಈ ಮಾತನ್ನು ಬಿಡುವುದು ನ್ಯಾಯವಲ್ಲ. ಒಳಚರಂಡಿ ಬಂದ ಮೇಲೆ ಆ ಓಣಿಗಳು ಕೆಲಸ ಕಳೆದುಕೊಂಡವು. ಎಷ್ಟೋ ಒತ್ತುವರಿಯಾದವು, ಕೆಲವು ಕಸದ ಜಾಗಗಳಾದವು.

ಮೊದಲ ಕೆಲವು ವರ್ಷ ಈ ಬಡಾವಣೆಗಳು ಊರಿನಿಂದ ದೂರದ ಬಯಲಾಗಿಯೇ ಜನರಿಗೆ ಕಂಡಿದ್ದವು. ಜೀವ ತುಂಬಿದ್ದು ನಿಧಾನವಾಗಿ, ಒಂದೊಂದೇ ಸಂಸ್ಥೆ ಬಂದಂತೆ. ಮಲ್ಲೇಶ್ವರದ ಸಮೀಪ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಆ ಸಂಸ್ಥೆಗೆ ಬಂದ ಸಿ.ವಿ. ರಾಮನ್ ಮಲ್ಲೇಶ್ವರದಲ್ಲೇ ಮನೆ ಮಾಡಿದರು. ಬಡಾವಣೆಯ ದಕ್ಷಿಣದ ತುದಿಯಲ್ಲಿ ಬಟ್ಟೆ ಗಿರಣಿ ಇತ್ತು. ಬಸವನಗುಡಿಯಲ್ಲಿ 1917ರಲ್ಲಿ ನ್ಯಾಷನಲ್ ಹೈಸ್ಕೂಲು ಆರಂಭವಾಯಿತು, ನ್ಯಾಷನಲ್ ಕಾಲೇಜು ಆಮೇಲೆ ಬಂತು. 1945ರಲ್ಲಿ ಬಿ.ಪಿ. ವಾಡಿಯಾ ಸ್ಥಾಪಿಸಿದ ವಿಶ್ವ ಸಂಸ್ಕೃತಿ ಸಂಸ್ಥೆ, ಅದೇ ವರ್ಷ ಡಿ.ವಿ. ಗುಂಡಪ್ಪನವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಎರಡೂ ಒಂದರಿಂದೊಂದು ನಡೆದುಹೋಗುವ ದೂರದಲ್ಲಿವೆ. ಸಂಜೆ ಒಂದು ಕಡೆ ಉಪನ್ಯಾಸ ಮುಗಿಸಿ, ಮತ್ತೊಂದು ಕಡೆ ಪತ್ರಿಕೆ ಓದಿ, ಊಟದ ಹೊತ್ತಿಗೆ ಮನೆ ಸೇರಬಹುದಿತ್ತು. ಅದಕ್ಕೆ ಹಣವೂ ಬೇಕಿರಲಿಲ್ಲ, ವಾಹನವೂ ಬೇಕಿರಲಿಲ್ಲ.

ಗಾಂಧಿ ಬಜಾರು ಬಸವನಗುಡಿಯ ನಡುಮನೆ. ಸೇವಂತಿಗೆ, ಮಲ್ಲಿಗೆ, ಕನಕಾಂಬರದ ಮಾಲೆಗಳ ಸಾಲು, ಬಾಳೆಎಲೆ, ಮಾವಿನ ಸೊಪ್ಪು, ಗ್ರಂಥಿಗೆ ಅಂಗಡಿ, ಕಾಫಿಪುಡಿ ಅಂಗಡಿ, ಕಾಂಡಿಮೆಂಟ್ಸ್ ಅಂಗಡಿಯ ಕೋಡುಬಳೆ ಎಲ್ಲವೂ ಒಂದೇ ಬೀದಿಯಲ್ಲಿ. ಮಲ್ಲೇಶ್ವರದಲ್ಲಿ ಈ ಕೆಲಸ ಮಾಡುವುದು ಎಂಟನೇ ಕ್ರಾಸು. ಗೌರಿ ಗಣೇಶ, ವರಮಹಾಲಕ್ಷ್ಮಿ ಹಬ್ಬಗಳ ಹಿಂದಿನ ಸಂಜೆ ಈ ಎರಡೂ ಕಡೆ ಕಾಲಿಡಲು ಜಾಗವಿರುವುದಿಲ್ಲ. ಇಲ್ಲಿನ ವ್ಯಾಪಾರದ ಬಹುಪಾಲು ನಿಂತಿರುವುದು ನಡೆದು ಬರುವ ಗಿರಾಕಿಯ ಮೇಲೆ. ಒಂದು ಮೊಳ ಹೂವು, ಒಂದು ಕಟ್ಟು ಕೊತ್ತಂಬರಿಗಾಗಿ ಯಾರೂ ದೂರದಿಂದ ಗಾಡಿ ತೆಗೆದುಕೊಂಡು ಬರುವುದಿಲ್ಲ. ದಾರಿಯಲ್ಲಿ ಕಂಡರೆ ನಿಂತು ಚೌಕಾಸಿ ಮಾಡುತ್ತಾರೆ. ಬೀದಿ ವ್ಯಾಪಾರಿಗಳನ್ನು ನಡಿಗೆಗೆ ಅಡ್ಡಿ ಎಂದು ಎಣಿಸುವುದು ರೂಢಿಯಾಗಿದೆ. ಈ ಬಡಾವಣೆಗಳ ಇತಿಹಾಸ ಹೇಳುವುದು ಬೇರೆಯೇ. ರಾತ್ರಿ ಒಂಬತ್ತಕ್ಕೂ ಹೆಂಗಸರು ಇಲ್ಲಿ ನಿರ್ಭಯವಾಗಿ ಓಡಾಡಲು ಆ ವ್ಯಾಪಾರಿಗಳ ದೀಪ ಮತ್ತು ಕಣ್ಣುಗಳೂ ಕಾರಣ.

ಹೋಟೆಲುಗಳದ್ದು ಇದೇ ಕಥೆಯ ಇನ್ನೊಂದು ಮುಖ. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ ಬಸವನಗುಡಿಯ ಅಂಚಿನಲ್ಲಿದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಪಕ್ಕದ ಆಚಾರ್ಯ ಪಾಠಶಾಲೆಯ ಹುಡುಗರೇ ಮೊದಮೊದಲ ಗಿರಾಕಿಗಳಾದ್ದರಿಂದ ಆ ಹೆಸರು ಬಂತು. ಮುಂದೆ ಅಲ್ಲಿನ ಮಸಾಲೆ ದೋಸೆಯ ಸುತ್ತ ಲೇಖಕರ ಕೂಟವೇ ಬೆಳೆಯಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಗವಿಪುರದ ಮನೆಯಿಂದ ಬಸವನಗುಡಿ ಕ್ಲಬ್ಬಿಗೆ ಕೊಡೆ ಹಿಡಿದು ನಡೆದು ಹೋಗುತ್ತಿದ್ದುದು ಆ ಕಾಲದವರ ನೆನಪಿನಲ್ಲಿ ಉಳಿದ ದೃಶ್ಯ. ದಾರಿಯಲ್ಲಿ ಎದುರಾದವರು ನಮಸ್ಕರಿಸುತ್ತಿದ್ದರು, ಮಾಸ್ತಿಯವರು ನಿಂತು ಯೋಗಕ್ಷೇಮ ಕೇಳುತ್ತಿದ್ದರು. 1960ರಲ್ಲಿ ಹೊರಬಂದ ಕೆ.ಎಸ್. ನಿಸಾರ್ ಅಹಮದ್ ಅವರ ಮೊದಲ ಕವನಸಂಕಲನದ ಹೆಸರೇ ‘ಮನಸು ಗಾಂಧಿಬಜಾರು’. ಒಂದು ಪೇಟೆಬೀದಿ ಕನ್ನಡ ಕಾವ್ಯದ ಒಳಗೆ ಹೀಗೆ ನೆಲೆಯಾಗಲು ಕವಿಗಳು ಅಲ್ಲಿ ದಿನವೂ ಕಾಲಾಡಿಸುತ್ತಿದ್ದುದೇ ಕಾರಣ.

ವಠಾರಗಳನ್ನು ಮರೆತರೆ ಚಿತ್ರ ಪೂರ್ತಿಯಾಗದು. ಮಂಕಿ ಟಾಪ್ ಎಂಬ ಚೂಪು ಮರದ ಮುಚ್ಚಿಗೆಯ ಕಿಟಕಿಗಳಿರುವ ಬಂಗಲೆಗಳು ಫೋಟೋಗಳಲ್ಲಿ ಚೆಂದ ಕಾಣುತ್ತವೆ, ಆದರೆ ಬೀದಿಯನ್ನು ತುಂಬಿದವರು ವಠಾರದವರು. ಒಂದು ಅಂಗಳ, ಒಂದು ನಲ್ಲಿ, ಸಾಲಾಗಿ ಪುಟ್ಟ ಮನೆಗಳು. ಗುಮಾಸ್ತರು, ಶಾಲೆಯ ಮೇಷ್ಟ್ರುಗಳು, ಓದಲು ಹಳ್ಳಿಯಿಂದ ಬಂದ ಹುಡುಗರು ಕಡಿಮೆ ಬಾಡಿಗೆಗೆ ಇಲ್ಲಿ ನೆಲೆ ಕಂಡರು. ಸೈಕಲ್ಲೂ ಇಲ್ಲದವರು, ಜಟಕಾಕ್ಕೆ ಕಾಸು ಕೊಡಲಾಗದವರು ಊರಿನ ಅತ್ಯುತ್ತಮ ಕಾಲೇಜು, ಉದ್ಯಾನ, ಸಂಗೀತದ ಪಕ್ಕದಲ್ಲೇ ಬದುಕಲು ಸಾಧ್ಯವಾಯಿತು. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದ ರಾಮನವಮಿ ಕಛೇರಿಗಳನ್ನು ಕೇಳಲು ಬಸವನಗುಡಿ, ಶಂಕರಪುರದಿಂದ ಮನೆಮಂದಿಯೆಲ್ಲ ನಡೆದು ಹೋಗುತ್ತಿದ್ದರು. ಟಿಕೆಟ್ಟಿಲ್ಲದವರು ಚಪ್ಪರದ ಹೊರಗೆ ನಿಂತು ಕೇಳುತ್ತಿದ್ದರು. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಯಂದು ಬುಲ್ ಟೆಂಪಲ್ ರಸ್ತೆ ಇಂದಿಗೂ ನಡೆಯುವವರ ವಶವಾಗುತ್ತದೆ.

1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯ ಬಸ್ಸುಗಳು ಬಂದದ್ದು ನಡಿಗೆಗೆ ಪೆಟ್ಟು ಕೊಡಲಿಲ್ಲ, ಪೂರಕವಾಯಿತು. ಬಸ್ಸಿಳಿದವರು ಮನೆಗೆ ನಡೆದೇ ಹೋಗಬೇಕಿತ್ತಲ್ಲ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರವೂ ಬ್ಲಾಕಿಗೊಂದು ಮೈದಾನ, ಮಾರುಕಟ್ಟೆ ಎಂಬ ಹಳೆಯ ಲೆಕ್ಕವನ್ನು ದೊಡ್ಡದಾಗಿಸಿ ಉಳಿಸಿಕೊಂಡಿತು. ಲೆಕ್ಕ ತಪ್ಪಿದ್ದು ಆಮೇಲೆ. 1990ರ ದಶಕದಿಂದ ಊರು ಹೊರವರ್ತುಲ ರಸ್ತೆಯಾಚೆಗೆ ಹರಡಿತು, ಕೆಲಸ ಒಂದು ಮೂಲೆಗೆ, ಮನೆ ಇನ್ನೊಂದು ಮೂಲೆಗೆ ಹೋಯಿತು. ನಗರದ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಹಳೆಯ ಬಡಾವಣೆಗಳಲ್ಲಿ ವಠಾರಗಳು ಉರುಳಿ ಅಪಾರ್ಟ್‌ಮೆಂಟುಗಳೆದ್ದವು. ಬಾಡಿಗೆದಾರರು ದೂರ ಹೋದರು, ಕಾರುಗಳು ಫುಟ್‌ಪಾತ್ ಏರಿದವು. ಸಂಪಿಗೆ ರಸ್ತೆಯ ತುದಿಯ ಗಿರಣಿ ಇದ್ದ ಜಾಗದಲ್ಲಿ 2010ರಲ್ಲಿ ಮಾಲ್ ತೆರೆಯಿತು. ನಡೆದು ಬದುಕಬಹುದಾದ ಜಾಗ ಎಂಬ ಕಾರಣಕ್ಕೇ ಇಲ್ಲಿನ ನೆಲದ ಬೆಲೆ ಏರಿದ್ದು, ಆ ಬೆಲೆಯೇ ನಡೆಯುವವರನ್ನು ಹೊರಗೆ ತಳ್ಳಿದ್ದು ಈ ಇತಿಹಾಸದ ನೋವಿನ ಭಾಗ.

ನಿವಾಸಿಗಳು ಸುಮ್ಮನಿರಲಿಲ್ಲ. 2011ರಲ್ಲಿ ಸ್ಯಾಂಕಿ ಕೆರೆಯ ಬದಿಯ ರಸ್ತೆಯನ್ನು ಅಗಲ ಮಾಡಲು ಮರ ಕಡಿಯಹೊರಟಾಗ ಮಲ್ಲೇಶ್ವರದವರು ಬೀದಿಗಿಳಿದು ವಿರೋಧಿಸಿದರು. ಮೆಟ್ರೊದ ಹಸಿರು ಮಾರ್ಗ 2014ರಲ್ಲಿ ಸಂಪಿಗೆ ರಸ್ತೆಯಿಂದ ಉತ್ತರಕ್ಕೆ, 2017ರಲ್ಲಿ ನ್ಯಾಷನಲ್ ಕಾಲೇಜಿನ ಮೂಲಕ ದಕ್ಷಿಣಕ್ಕೆ ಓಡತೊಡಗಿ ಎರಡೂ ಬಡಾವಣೆಗಳನ್ನು ಒಂದೇ ಹಳಿಯ ಮೇಲೆ ಪೋಣಿಸಿತು. ನಗರ ಭೂಸಾರಿಗೆ ನಿರ್ದೇಶನಾಲಯ ಗಾಂಧಿ ಬಜಾರಿನಲ್ಲಿ ಫುಟ್‌ಪಾತ್ ಅಗಲಿಸಿ, ಬೀದಿ ವ್ಯಾಪಾರಿಗಳಿಗೆ ಜಾಗ ಗುರುತಿಸುವ ಯೋಜನೆ ಕೈಗೆತ್ತಿಕೊಂಡಿತು. ಪಾರ್ಕಿಂಗ್ ಇಲ್ಲದಿದ್ದರೆ ಗಿರಾಕಿಗಳು ತಪ್ಪುತ್ತಾರೆಂದು ಹಲವು ಅಂಗಡಿಯವರು ಆತಂಕಪಟ್ಟರು, ಕಾಮಗಾರಿ ಎಳೆದದ್ದರಿಂದ ಧೂಳು ತಿಂದವರೂ ಅವರೇ. ಅಗೆದ ರಸ್ತೆಯ ಆ ತಿಂಗಳುಗಳಲ್ಲೂ ಹೂವಿನವರು ಹಲಗೆ ಹಾಸಿಕೊಂಡು ವ್ಯಾಪಾರ ನಡೆಸಿದರು.