ನಿಸಿದಿಗಳಲ್ಲಿ ಉಳಿದ ಹೆಸರುಗಳು

ಮೃತರ ಶಾಸನವೆಂದೊಡನೆ ಅದರ ಕೆಳಗೆ ದೇಹವನ್ನು ಹೂಳಿರಬೇಕೆಂದು ಅನೇಕರು ಊಹಿಸುವುದುಂಟು. ಶ್ರವಣಬೆಳ್ಗೊಳದ ಚಿಕ್ಕಬೆಟ್ಟವನ್ನು ಹತ್ತಿ ನೋಡಿದವರಲ್ಲಿ ಈ ಊಹೆ ನಿಲ್ಲಲಾರದು. ಅಲ್ಲಿಯ ಅತಿ ಪ್ರಾಚೀನವಾದ ನಿಸಿದಿ ಶಾಸನಗಳು ಬಹುಮಟ್ಟಿಗೆ ಬರಿಯ ಹಾಸುಬಂಡೆಯ ಮೇಲೆಯೇ ಕೊರೆದವು. ಅಗೆದು ಹೂಳುವುದಕ್ಕೆ ಅಲ್ಲಿ ಮಣ್ಣೆಲ್ಲಿಯದು? ಆ ಕಿರುಬರಹಗಳು ತಿಳಿಸುವುದು ದೇಹದ ಗತಿಯನ್ನಲ್ಲ, ವ್ರತದ ಮುಕ್ತಾಯವನ್ನು. ಆದುದರಿಂದ ಇವುಗಳನ್ನು ಗೋರಿಗಳೆನ್ನುವುದಕ್ಕಿಂತ ಸ್ಮಾರಕಗಳೆನ್ನುವುದೇ ಯುಕ್ತವು.

ಬೆಳ್ಗೊಳದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಸಂಪುಟದಲ್ಲಿ ಅದು 500ಕ್ಕೆ ಏರಿತು. ಇವೆಲ್ಲವೂ ನಿಸಿದಿಗಳಲ್ಲ. ಆದರೆ ಕ್ರಿ. ಶ. ಸುಮಾರು 700ರ ನಿಸಿದಿ ಬರಹಗಳು ಹೆಸರಿಡುವ ಕ್ರಮದ ಮೇಲೆ ಒಳ್ಳೆಯ ಬೆಳಕನ್ನು ಬೀರುತ್ತವೆ. ಒಂದರಲ್ಲಿ, ಚಿತ್ತೂರಿನ ಮೌನಿಗುರವಡಿಗಳ ಶಿಷ್ಯೆಯಾದ ನಾಗಮತಿ ಗಂತಿಯರು ಮೂರು ತಿಂಗಳು ವ್ರತವನ್ನು ನಡೆಯಿಸಿ ಮುಗಿಸಿದರೆಂದಿದೆ. ಇನ್ನೊಂದರಲ್ಲಿ, ಮಲನೂರಿನ ಪಟ್ಟಿನಿಗುರವಡಿಗಳ ಶಿಷ್ಯರಾದ ಉಗ್ರಸೇನ ಗುರವಡಿಗಳು ಒಂದು ತಿಂಗಳು ಸನ್ಯಸನವನ್ನು ಆಚರಿಸಿದರೆಂದಿದೆ.

ಇಲ್ಲಿ ತಂದೆಯ ಹೆಸರಿಲ್ಲ, ತಾಯಿಯ ಹೆಸರಿಲ್ಲ, ಕುಲದ ಮಾತಿಲ್ಲ. ಮನೆಯನ್ನು ತೊರೆದವರಿಗೆ ಗುರುವೇ ವಂಶ, ಗುರುವಿನ ಊರೇ ತವರು. ಗಂತಿಯೆಂದರೆ ಜೈನ ಸನ್ಯಾಸಿನಿ. ಗಂಡಸಿಗೆ ‘ಗುರವಡಿಗಳ್’ ಎಂದು ಬಹುವಚನದ ಗೌರವವು ಸಂದಂತೆಯೇ ಹೆಂಗಸಿಗೆ ‘ಗಂತಿಯರ್’ ಎಂಬ ಗೌರವವು ಸಂದಿದೆ. ಇಬ್ಬರ ಅಂತ್ಯವನ್ನು ಹೇಳುವ ಕ್ರಿಯಾಪದವೂ ಒಂದೇ: ‘ಮುಡಿಪ್ಪಿದರ್’, ಎಂದರೆ ಮುಗಿಸಿದರು. ಸತ್ತರೆಂಬ ಮಾತನ್ನು ಬಂಡೆ ಆಡದು.

ಹನ್ನೆರಡನೆಯ ಶತಮಾನಕ್ಕೆ ಬಂದರೆ ಚಿತ್ರವೇ ಬೇರೆ. ಆಗ ಗೃಹಸ್ಥರ ನಿಸಿದಿಗಳು ದೀರ್ಘವಾಗಿ ಬೆಳೆದು ಮನೆತನವನ್ನು ವರ್ಣಿಸುತ್ತವೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಬಳಿಕ, ಅವಳ ತಾಯಿ ಮಾಚಿಕಬ್ಬೆ ಬೆಳ್ಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ದೇಹವನ್ನು ಬಿಟ್ಟಳು. ಆಕೆಯ ಶಾಸನವು ತವರಿನ ಹಿರಿಯರನ್ನೂ ಹೆಸರಿಸುತ್ತದೆ. ದಂಡನಾಯಕ ಗಂಗರಾಜನು ತನ್ನ ಹೆಂಡತಿಗೆ ನಿಲ್ಲಿಸಿದ ನಿಸಿದಿಯೂ ಅಲ್ಲಿದೆ. ಆಕೆ ಶಾಸನಗಳಲ್ಲಿ ಲಕ್ಕಲೆಯೂ ಹೌದು, ಲಕ್ಷ್ಮೀಮತಿಯೂ ಹೌದು. ಒಂದು ಮನೆಯ ಬಳಕೆಯ ಕನ್ನಡ ರೂಪ, ಇನ್ನೊಂದು ಸಂಸ್ಕೃತದ ಪ್ರೌಢ ರೂಪ. ಒಂದೇ ಹೆಸರು ಎರಡು ಉಡುಪು ತೊಟ್ಟಿರುವುದನ್ನು ಅರಿಯದವನು ಒಬ್ಬಳನ್ನು ಇಬ್ಬರೆಂದು ಎಣಿಸಿಯಾನು.

ನಮ್ಮಲ್ಲಿ ಎಷ್ಟು ಮಂದಿ ತಮ್ಮ ಮುತ್ತಜ್ಜಿಯ ಹೆಸರನ್ನು ಹೇಳಬಲ್ಲರು? ಸಾವಿರದ ಮುನ್ನೂರು ವರ್ಷಗಳ ಹಿಂದಿನ ನಾಗಮತಿಯ ಹೆಸರು ಮಾತ್ರ, ಎರಡು ಸಾಲಿನ ಬರಹದ ದೆಸೆಯಿಂದ ಉಳಿದಿದೆ. ಅಂತಹ ಕಲ್ಲುಗಳು ನಮ್ಮ ಊರುಗಳಲ್ಲಿಯೂ ಬಾವಿಯ ಕಟ್ಟೆಗೆ, ಮನೆಯ ಮೆಟ್ಟಿಲಿಗೆ ಸೇರಿಹೋಗುವುದುಂಟು. ವಾಚಕರು ಅಕ್ಷರವಿರುವ ಕಲ್ಲನ್ನು ಕಂಡಲ್ಲಿ ಅದನ್ನು ಕದಲಿಸದೆ ಕಾಪಾಡಿ, ಬಲ್ಲವರಿಗೆ ತಿಳಿಸಿದರೆ, ಯಾರದೋ ಹೆಸರನ್ನು ಎರಡನೆಯ ಸಾವಿನಿಂದ ಉಳಿಸಿದಂತಾಗುವುದು.